ಕಾಗೆ ಮುಟ್ಟದೆ ಹತ್ತಿದ ತೆಪ್ಪ

ಯಾವ ಕೆಲಸವನ್ನೇ ಆಗಲಿ, ಮಾಡುವುದಕ್ಕಿಂತ ಅದರ ಬಗ್ಗೆ ಮಾತಾಡುವುದರಲ್ಲೇ ಹೆಚ್ಚು ಪುಣ್ಯವಿದೆ ಎಂದು ನಮ್ಮ ಮನೆಯವರ ನಂಬಿಕೆ. ಇಲ್ಲದಿದ್ದರೆ ಹಗರಿಬೊಮ್ಮನಹಳ್ಳಿಯಿಂದ ಬೆಳಿಗ್ಗೆ ಹೊರಟು, ಡ್ಯಾಮಿನ ಹಿನ್ನೀರಿನಲ್ಲಿ ತೆಪ್ಪ ಹತ್ತಿ, ದಂಡೆಯಿಂದ ಎದುರಿಗೇ ಕಾಣುವ ಒಂದು ನಡುಗಡ್ಡೆಗೆ ಹೋಗಿ, ರೊಟ್ಟಿ ತಿಂದು ಸಂಜೆಗೆ ಮನೆಗೆ ಬರುವುದಕ್ಕೆ ಯಾರಾದರೂ ಶ್ರಾವಣದಿಂದ ಸಂಕ್ರಮಣದವರೆಗೆ ಯೋಚನೆ ಮಾಡುತ್ತಾರೆಯೇ? ನಾವು ಮಾಡಿದೆವು. ಡ್ಯಾಮು ಕಟ್ಟಿದವರೂ ಇಷ್ಟು ತಲೆ ಕೆಡಿಸಿಕೊಂಡಿರಲಿಕ್ಕಿಲ್ಲ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಮನೆಯ ಕಿರಿಮಗಳಾದ ನಾನು ಪಿಯುಸಿಯಲ್ಲಿ ಒಮ್ಮೆ ಬಿದ್ದು, ಇನ್ನೊಮ್ಮೆ ಬೀಳುವ ತಯಾರಿಯಲ್ಲಿದ್ದೆ. ಅಣ್ಣನಿಗೆ ಮದುವೆಯಾಗಿ ಆರು ವರ್ಷವಾಗಿತ್ತು, ಮಕ್ಕಳಾಗಿರಲಿಲ್ಲ. ಅಣ್ಣ ಗೊಬ್ಬರದ ಅಂಗಡಿಯಲ್ಲಿ ಕೂತು ಊರಿನ ಹೊಲಗಳೆಲ್ಲ ಹಸಿರಾಗುವುದಕ್ಕೆ ಸಲಹೆ ಕೊಡುತ್ತಿದ್ದ. ಮನೆಯ ವಿಷಯಕ್ಕೆ ಬಂದರೆ ಮಾತ್ರ ಅವನ ಬಾಯಲ್ಲಿ 'ನೋಡೋಣ' ಎಂಬ ಒಂದೇ ಪದ. ಹೀಗಿರುವಾಗ ಸೊಪ್ಪು ಮಾರುವ ಮುದುಕಿಯೊಬ್ಬಳು ಅವ್ವನ ಕಿವಿಯಲ್ಲಿ ಗಡ್ಡೆಮ್ಮನ ವಿಚಾರ ಊದಿದಳು. ನಡುಗಡ್ಡೆಯ ಬೇವಿನ ಮರಕ್ಕೆ ಬಟ್ಟೆಯ ತೊಟ್ಟಿಲು ಕಟ್ಟಿ ಬೇಡಿಕೊಂಡರೆ ವರ್ಷದೊಳಗೆ ಮಗುವಂತೆ.

ಈ ಗಡ್ಡೆಮ್ಮ ಎಂದರೆ ಅರಿಶಿನ ಬಳಿದ ಒಂದು ಕಲ್ಲು. ಡ್ಯಾಮು ಕಟ್ಟುವ ಮುಂಚೆ ಆ ಜಾಗ ಬರೀ ಗುಡ್ಡ, ಅಮ್ಮನೂ ಯಾರೂ ಕೇಳದ ಅಮ್ಮ. ಸುತ್ತ ನೀರು ನಿಂತು ಹೋಗುವುದು ಕಷ್ಟವಾದ ಮೇಲೆ ಅವಳ ಶಕ್ತಿ ಏರಿತು. ನಡೆದು ಹೋಗಬಹುದಾದ ದೇವರೆಂದರೆ ನಮ್ಮ ಜನಕ್ಕೆ ಮೊದಲಿನಿಂದಲೂ ತಾತ್ಸಾರ.

ಅತ್ತಿಗೆಗೆ ಅಮ್ಮನ ಮೇಲೆ ಎಷ್ಟು ಭಕ್ತಿಯಿತ್ತೋ ಗೊತ್ತಿಲ್ಲ. ಅವಳಿಗೆ ಬೇಕಾಗಿದ್ದದ್ದು ತೆಪ್ಪ. ಅವಳು ತೆಲಿಗಿ ಕಡೆಯವಳು, ಹರಪನಹಳ್ಳಿ ತಾಲ್ಲೂಕಿನವಳು. ನೀರೆಂದರೆ ಬಾವಿ, ಇಲ್ಲವೇ ಕೆರೆ. ಮದುವೆಯಾಗಿ ಬಂದ ಹೊಸತರಲ್ಲಿ ಒಮ್ಮೆ ಬಸ್ಸಿನ ಕಿಟಕಿಯಿಂದ ಹಿನ್ನೀರು ನೋಡಿದ್ದಳಂತೆ. ಆಕಾಶದಂಚಿನವರೆಗೂ ಹರಡಿದ್ದ ಆ ನೀರಿನ ನಡುವೆ ಬುಟ್ಟಿಯಂಥ ತೆಪ್ಪದಲ್ಲಿ ಒಬ್ಬ ಹೆಂಗಸು ಸುಮ್ಮನೆ ಕೂತು ಹೋಗುತ್ತಿದ್ದಳಂತೆ. ಕೈಯಲ್ಲಿ ಏನೂ ಕೆಲಸವಿರಲಿಲ್ಲವಂತೆ. ಇದನ್ನು ಅತ್ತಿಗೆ ನನಗೆ ಕನಿಷ್ಠ ಐವತ್ತು ಸಲ ಹೇಳಿದ್ದಳು, ಪ್ರತಿ ಸಲವೂ ಆ ಹೆಂಗಸಿನ ಕೈಯಲ್ಲಿ ಕೆಲಸವಿರಲಿಲ್ಲ ಎನ್ನುವಲ್ಲಿ ನಿಲ್ಲಿಸುತ್ತಿದ್ದಳು. ಆರು ವರ್ಷದಲ್ಲಿ ಅವಳು ಕಂಡ ಲೋಕವೆಂದರೆ ತವರುಮನೆ, ಆಸ್ಪತ್ರೆ ಮತ್ತು ಅವ್ವ ತೋರಿಸಿದ ದೇವರುಗಳು. ಉಚ್ಚಂಗಿದುರ್ಗದ ಮೆಟ್ಟಿಲು ಹತ್ತಿಸಿ ಆಗಿತ್ತು, ಉಜ್ಜಿನಿಗೆ ಕರೆದೊಯ್ದು ಆಗಿತ್ತು. ಈ ದೇವರೊಬ್ಬಳು ನೀರಿನ ಆಚೆ ಇದ್ದಾಳೆಂದು ತಿಳಿದ ದಿನ ಅತ್ತಿಗೆ ಎರಡು ರೊಟ್ಟಿ ಜಾಸ್ತಿ ತಿಂದಳು.

ಯೋಜನೆಯ ಹೊಣೆಯನ್ನು ಕೊಟ್ಟೂರಿನ ಮಾವ ಹೊತ್ತುಕೊಂಡ. ಅವ್ವನ ತಮ್ಮ, ಪಂಕ್ಚರ್ ಅಂಗಡಿಯವನು. ಹೊಣೆ ಹೊರುವುದು ಅವನಿಗೊಂದು ಚಟ. ಶ್ರಾವಣದಲ್ಲಿ ನೀರು ಜಾಸ್ತಿ ಎಂದ. ದಸರೆಗೆ ಟೆಂಪೋ ಸಿಗುವುದಿಲ್ಲ ಎಂದ. ದೀಪಾವಳಿ ಹೊತ್ತಿಗೆ ಶೇಂಗಾ ಕೀಳುವ ಕೆಲಸ. ಆಮೇಲೆ ದಾಯಾದಿ ಮುದುಕನೊಬ್ಬ ಸತ್ತು ಸೂತಕ ಬಂತು. ಬದುಕಿದ್ದಾಗ ಒಂದು ದಿನವೂ ನಮ್ಮ ಮನೆಗೆ ಬಾರದ ಮನುಷ್ಯ, ಸತ್ತು ಅಡ್ಡಗಾಲು ಹಾಕಿದ. ತೆಪ್ಪ ಮುಳುಗಿದರೆ ಏನು ಗತಿ ಎಂದು ಮಾವ ಎರಡು ವಾರ ಚಿಂತಿಸಿ, ಕೊನೆಗೆ ಟ್ರ್ಯಾಕ್ಟರಿನ ಟ್ಯೂಬಿಗೆ ಗಾಳಿ ತುಂಬಿಸಿ ತರುವುದೆಂದು ತೀರ್ಮಾನಿಸಿದ. ಅಪ್ಪ ತಾನು ಮನೆಯನ್ನೂ ಎಮ್ಮೆಯನ್ನೂ ಕಾಯುತ್ತೇನೆ ಎಂದು ಹೇಳಿ ಪೇಪರಿನಲ್ಲಿ ಮುಖ ಮುಚ್ಚಿಕೊಂಡರು. ಮನೆಯಲ್ಲಿ ಬುದ್ಧಿಯಿದ್ದವರು ಅವರೊಬ್ಬರೇ.

ಅಂತೂ ಸಂಕ್ರಮಣ ಕಳೆದ ಮೇಲಿನ ಮಂಗಳವಾರ ಎಂದು ನಿಕ್ಕಿಯಾಯಿತು. ಆ ದಿನವನ್ನು ಆರಿಸಿದ್ದು ಪಂಚಾಂಗವಲ್ಲ, ಕಾಗೆ. ನಮ್ಮ ಮನೆಯಲ್ಲಿ ಹೆಂಗಸರ ತಿಂಗಳ ಮುಟ್ಟಿಗೆ 'ಕಾಗಿ ಮುಟ್ಟೈತಿ' ಎನ್ನುತ್ತಿದ್ದರು. ಕಾಗೆ ಮುಟ್ಟಿದವಳು ಮೂರು ದಿನ ಹಿತ್ತಿಲ ಬಾಗಿಲ ಪಕ್ಕದ ಕಟ್ಟೆಯ ಮೇಲೆ ಕೂರಬೇಕು. ಬೇರೆ ಚಾಪೆ, ಬೇರೆ ತಟ್ಟೆ. ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡು ಒಳಗೆ ಬರಬೇಕು. ಯಾರಿಗೆ ಯಾವಾಗ ಕಾಗೆ ಮುಟ್ಟುತ್ತದೆ ಎನ್ನುವುದು ಅವ್ವನಿಗೆ ಬಾಯಿಪಾಠ. ದೇವರಿಗೆ ಹೋಗುವುದೆಂದರೆ ಅತ್ತಿಗೆ ಕಾಗೆ ಮುಗಿಸಿ ಶುದ್ಧವಾಗಿರಬೇಕಲ್ಲ, ಅದಕ್ಕೆ ಅವ್ವ ಲೆಕ್ಕ ಹಾಕಿ ಆ ಮಂಗಳವಾರ ಹಿಡಿದಿದ್ದಳು.

ಸರಿಯಾಗಿ ಒಂದು ವಾರ ಮುಂಚೆ ಅತ್ತಿಗೆ 'ಕಾಗಿ ಮುಟ್ಟೈತಿ' ಎಂದು ಘೋಷಿಸಿ ಕಟ್ಟೆ ಸೇರಿದಳು. ಅವ್ವ ನಿರಾಳವಾದಳು. ನಾನು ಊಟದ ತಟ್ಟೆ ಹಿಡಿದು ಓಡಾಡುವ ಆಳಾದೆ. ಎರಡನೆಯ ದಿನ ತಟ್ಟೆ ಇಡಲು ಹೋದಾಗ ಅತ್ತಿಗೆ ಹುರಿದ ಶೇಂಗಾ ತಿನ್ನುತ್ತಾ ಹಳೇ ವಾರಪತ್ರಿಕೆ ಓದುತ್ತಾ ರಾಣಿಯ ಹಾಗೆ ಒರಗಿದ್ದಳು. ಹಿತ್ತಿಲ ಹಗ್ಗದ ಮೇಲೆ ಒಂದು ಬಟ್ಟೆಯ ಚೂರೂ ಒಣಗುತ್ತಿರಲಿಲ್ಲ. ಮೆಡಿಕಲ್ ಶಾಪಿನಲ್ಲಿ ಪೇಪರು ಸುತ್ತಿ ಕೊಡುವ ಪ್ಯಾಡು ತರಿಸಿಕೊಂಡಿದ್ದಾಳೆ, ನನಗೆ ಮಾತ್ರ ಹೇಳಿಲ್ಲ ಎಂದು ನನಗೆ ಸಿಟ್ಟು ಬಂತು. ಕೇಳಿಯೇಬಿಟ್ಟೆ.

ಅತ್ತಿಗೆ ಒಳಗೆ ಅವ್ವನ ಸದ್ದು ಎಲ್ಲಿದೆ ಎಂದು ಕಿವಿಗೊಟ್ಟಳು. ಆಮೇಲೆ ಮೆಲ್ಲಗೆ ಹೇಳಿದಳು: "ಕಾಗಿನೂ ಇಲ್ಲ, ಗುಬ್ಬಿನೂ ಇಲ್ಲ. ಹೋದ ತಿಂಗಳ ಕುಂತಿದ್ದೂ ಸುಳ್ಳ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆರು ವರ್ಷ ಎಲ್ಲರೂ ಕಾದ ಸುದ್ದಿಯನ್ನು ಇವಳು ಶೇಂಗಾ ಸಿಪ್ಪೆಯ ಜೊತೆ ಕಟ್ಟೆಯ ಮೇಲೆ ಇಟ್ಟುಕೊಂಡು ಕೂತಿದ್ದಾಳೆ! ಅಣ್ಣನಿಗೂ ಹೇಳಿಲ್ಲ, ಹೇಳಿದರೆ ಅವನು ಮೊದಲ ಸಲ 'ನೋಡೋಣ' ಎನ್ನದೆ ನೇರ ಅವ್ವನ ಹತ್ತಿರ ಓಡುತ್ತಾನೆ ಎಂದಳು. ಯಾಕೆ ಈ ನಾಟಕ ಎಂದು ನಾನು ಕೇಳಬೇಕಾಗಿಯೇ ಇರಲಿಲ್ಲ. ಬಸುರಿ ಹೊಳೆ ದಾಟಬಾರದು ಎನ್ನುವುದು ನಮ್ಮ ಕಡೆ ಕೂಸುಗಳಿಗೂ ಗೊತ್ತು.

"ಹೇಳಿದ್ರ ನನ್ನ ಉಪ್ಪಿನಕಾಯಿ ಜಾಡಿ ಹಂಗ ನಡುಮನಿಯೊಳಗ ಇಟ್ಬಿಡ್ತಾರ," ಎಂದಳು. "ಆಮ್ಯಾಲ ಕೂಸು, ಕೂಸಿನ ಸಾಲಿ. ತೆಪ್ಪ ಎಲ್ಲಿ ಬರತೈತಿ? ಒಂದ್ ಸಲ ಹತ್ತಿ ಇಳೀತೀನಿ. ಇಳದ ಮ್ಯಾಲ ಊರಿಗೇ ಹೇಳ್ತೀನಿ."

ನಾನು ಬಾಯಿಗೆ ದಾವಣಿಯ ಸೆರಗು ತುರುಕಿಕೊಂಡು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಅರ್ಜಿ ಕೊಡುವ ಮೊದಲೇ ಗಡ್ಡೆಮ್ಮ ಮಂಜೂರು ಮಾಡಿಬಿಟ್ಟಿದ್ದಳು. ನಮ್ಮ ಮಾವ ಟ್ರ್ಯಾಕ್ಟರಿನ ಟ್ಯೂಬು ಹೊತ್ತು ಬರುತ್ತಾನೆಂಬ ಸುದ್ದಿ ಅವಳಿಗೆ ಮುಟ್ಟಿ, ಈ ಜನ ಬರುವುದೇ ಬೇಡ ಎಂದು ಹೆದರಿ ಕೊಟ್ಟಿರಬೇಕು. ನಕ್ಕು ಮುಗಿದ ಮೇಲೆ ಭಯವಾಯಿತು. ದೇವರದ್ದಲ್ಲ, ಅವ್ವನದ್ದು. ಆದರೂ ಅತ್ತಿಗೆಯ ಮುಖ ನೋಡಿ ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಇನ್ನು ಒಂದು ವಾರ ಮುಂದೆ ಹೋದರೂ ಕೆಲಸ ಕೆಡುತ್ತಿತ್ತು. ಅತ್ತಿಗೆಗೆ ಬೆಳಿಗ್ಗೆ ಹೊತ್ತು ಒಗ್ಗರಣೆಯ ವಾಸನೆ ತಾಗಿದರೆ ಸಾಕು, ಹಿತ್ತಿಲಿಗೆ ಓಡುತ್ತಿದ್ದಳು. ನಾನು ಬಾವಿಯಿಂದ ನೀರು ಸೇದುವ ನೆಪದಲ್ಲಿ ರಾಟೆ ಕಿರುಗುಟ್ಟಿಸಿ ಆ ಸದ್ದು ಮುಚ್ಚುತ್ತಿದ್ದೆ. ಇಂಥದರಲ್ಲಿ ಭಾನುವಾರ ಮಾವನ ಫೋನು. ಪಕ್ಕದ ಎಸ್‌ಟಿಡಿ ಬೂತಿನವನು ಬಂದು ಕರೆದ. ಅವ್ವನ ಹಿಂದೆಯೇ ನಾನೂ ಓಡಿದೆ. ಟೆಂಪೋ ಕೆಟ್ಟಿದೆಯಂತೆ, ಮುಂದಿನ ತಿಂಗಳು ಇಟ್ಟುಕೊಳ್ಳೋಣವಂತೆ.

ಅವ್ವ ರಿಸೀವರಿಗೆ ಬಾಯಿ ಹಚ್ಚಿ ಬೂತೆಲ್ಲ ಕೇಳುವಂತೆ ಹೇಳಿದಳು: "ಲೇ ತಮ್ಮಾ, ಟೆಂಪೋ ಕೆಟ್ರ ಬಂಡಿ ಕಟ್ಟು. ಮಂಗಳವಾರ ಅಂದ್ರ ಮಂಗಳವಾರ."

ಅಷ್ಟು ಹೇಳಿ ಫೋನು ಕುಕ್ಕಿದಳು. ಮೊಮ್ಮಗುವಿನ ಆಸೆ ಇವಳನ್ನು ಹೇಗೆ ಹುಚ್ಚು ಹಿಡಿಸಿದೆ ನೋಡು ಎಂದುಕೊಂಡೆ. ಪಾಪ, ಕೇಳಲು ಹೊರಟಿರುವುದು ಮನೆಯೊಳಗೇ ಇದೆ.

ಮಂಗಳವಾರ ಟೆಂಪೋ ಬಂತು. ಟ್ಯೂಬೂ ಬಂತು. ಊರಿನಲ್ಲೇ ಗಾಳಿ ತುಂಬಿಸಿ ತಂದಿದ್ದರಿಂದ ಅದು ಟೆಂಪೋದ ಮುಕ್ಕಾಲು ಜಾಗ ತಿಂದಿತ್ತು. ಅಣ್ಣ, ಮಾವ ಸೇರಿ ನಾವು ಐದು ಜನ, ರೊಟ್ಟಿ ಬುತ್ತಿ, ಬದನೆಕಾಯಿ ಎಣ್ಣೆಗಾಯಿಯ ಡಬ್ಬಿ, ತೊಟ್ಟಿಲಿಗೆಂದು ಕತ್ತರಿಸಿದ ಹಸಿರು ಖಣದ ಬಟ್ಟೆ, ಎಲ್ಲವೂ ಟ್ಯೂಬಿನ ಹೊಟ್ಟೆಯೊಳಗೆ ಕೂತು ದಂಡೆ ತಲುಪಿದೆವು. ಅಂಬಿಗ ಅದನ್ನು ನೋಡಿ, ತೆಪ್ಪಕ್ಕೆ ಜನ ಹತ್ತಿಸಲೋ ಇದನ್ನು ಹತ್ತಿಸಲೋ ಎಂದು ವಿನಯದಿಂದ ಕೇಳಿದ. ಟ್ಯೂಬು ದಂಡೆಯಲ್ಲೇ ಉಳಿಯಿತು. ಮಾವ ತೆಪ್ಪದಲ್ಲಿ ಕೂತು ದೂರವಾಗುತ್ತಿದ್ದ ಅದನ್ನೇ ತಿರುಗಿ ತಿರುಗಿ ನೋಡುತ್ತಿದ್ದ.

ಅತ್ತಿಗೆ ಕೂತಳು. ಕೈ ಎರಡೂ ಮಡಿಲಲ್ಲಿ ಖಾಲಿ ಇಟ್ಟುಕೊಂಡು, ಸುಮ್ಮನೆ. ಎದುರಿಗೆ ಬರೀ ನೀರು. ಅವಳ ಮುಖದಲ್ಲಿ ನಾನು ಆ ಮೊದಲು ಅಂಥ ಸಂತೋಷ ಕಂಡಿರಲಿಲ್ಲ. ನನಗೆ ಅಳು ಬಂದುಬಿಟ್ಟಿತು. ಬಿಸಿಲು ಕಣ್ಣಿಗೆ ಹೊಡೆಯುತ್ತಿದೆ ಎಂದು ಸುಳ್ಳು ಹೇಳಿದೆ.

ಅರ್ಧ ದಾರಿಗೆ ಬಂದಾಗ ಗಾಳಿ ಎದ್ದು ತೆಪ್ಪ ಸ್ವಲ್ಪ ತಿರುಗಿತು. ಅತ್ತಿಗೆ ಥಟ್ಟನೆ ಅಂಚಿಗೆ ಬಾಗಿ, ಬೆಳಿಗ್ಗೆ ತಿಂದ ಮಂಡಕ್ಕಿಯನ್ನೆಲ್ಲ ಹಿನ್ನೀರಿಗೆ ಒಪ್ಪಿಸಿದಳು. ಅಂಬಿಗ ಹುಟ್ಟು ಎತ್ತಿ ಹಿಡಿದ. ತೆಪ್ಪ ನಿಂತಲ್ಲೇ ತೇಲತೊಡಗಿತು.

"ತಂಗಿ ಬಸುರಿ ಅದಾಳೇನ್ರೀ?" ಎಂದು ಅವ್ವನನ್ನು ಕೇಳಿದ. "ಬಸುರಿನ ಹತ್ತಸಂಗಿಲ್ರಿ ನಾವು. ಹಂಗಿದ್ರ ಇಲ್ಲಿಂದಾನ ಹೊಳ್ಳಸ್ತೀನಿ."

ಅಣ್ಣ ಬಾಯಿ ತೆರೆದ. ಮಾವ ತೆಪ್ಪದ ಅಂಚು ಹಿಡಿದ. ನಾನು ಅತ್ತಿಗೆಯ ಬೆನ್ನು ನೀವುತ್ತಾ ಅವ್ವನ ಮುಖ ನೋಡದೆ ಕೂತೆ. ಮುಗಿಯಿತು, ಇಲ್ಲಿಂದಲೇ ವಾಪಸ್ಸು ಎಂದುಕೊಂಡೆ.

"ಬಸುರಿ ಗಿಸುರಿ ಎಂಥದ್ದೂ ಇಲ್ಲ," ಎಂದಳು ಅವ್ವ. "ಹೋದ ವಾರ ಕಾಗಿ ಮುಟ್ಟಿತ್ತು, ನಾನ ನಿಂತು ಆಕಿ ತಲಿಗೆ ನೀರು ಹಾಕೀನಿ. ನಿನ್ನ ತೆಪ್ಪ ಗರಗರ ತಿರುಗಿದ್ರ ನೆಟ್ಟಗಿದ್ದಾರಿಗೂ ವಾಂತಿ ಬರತೈತಿ. ನೀ ಹುಟ್ಟು ಹಾಕು."

ಗಂಡಸರ ಮುಂದೆ ಕಾಗೆಯ ಹೆಸರೆತ್ತಿದ್ದನ್ನು ಕೇಳಿ ಅಣ್ಣನೂ ಮಾವನೂ ಒಟ್ಟಿಗೇ ಆಕಾಶ ನೋಡತೊಡಗಿದರು. ಅಂಬಿಗ ಹುಟ್ಟು ಹಾಕಿದ.

ನಡುಗಡ್ಡೆಯಲ್ಲಿ ಗಂಡಸರು ಈಜುತ್ತೇವೆಂದು ಹೇಳಿ ಮೊಣಕಾಲುದ್ದ ನೀರಿಗೆ ಹೋದರು. ನಾವು ಮೂವರು ಕಲ್ಲಿನ ಮುಂದೆ ಕೂತೆವು. ಅವ್ವ ಕಾಯಿ ಒಡೆದಳು. ಅತ್ತಿಗೆ ಸುಮ್ಮನೆ ತಲೆ ತಗ್ಗಿಸಿ ಹಸಿರು ಬಟ್ಟೆ ಎತ್ತಿಕೊಂಡು ಬೇವಿನ ಮರದ ಕಡೆ ಹೊರಟಳು. ಅವ್ವ ಅವಳ ಕೈಯಿಂದ ಅದನ್ನು ಕಿತ್ತುಕೊಂಡು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಕೊಟ್ಟಾಗೈತಿ. ಮತ್ತ ಕೇಳಿದ್ರ ಅವಳಿ ಕೊಟ್ಟಾಳು," ಎಂದಳು. "ಆಚಿ ದಂಡಿ ಮುಟ್ಟಾತನಕ ಬಾಯಿ ಬಿಡಬ್ಯಾಡ."

ಅವ್ವನಿಗೆ ಹೋದ ತಿಂಗಳ ಕಾಗೆಯಿಂದಲೇ ಗೊತ್ತಿತ್ತಂತೆ. ಹಗ್ಗದ ಮೇಲೆ ಬಟ್ಟೆ ಒಣಗದ ಕಾಗೆ ಎಂಥ ಕಾಗೆ ಎಂದಳು. ನಾನು ದಿನಾ ಬೆಳಿಗ್ಗೆ ತುಂಬಿದ ಕೊಡಕ್ಕೇ ನೀರು ಸೇದುತ್ತಿದ್ದದ್ದನ್ನೂ ನೋಡಿದ್ದಳಂತೆ. ನನಗೆ ನಾಚಿಕೆಗಿಂತ ಸಿಟ್ಟೇ ಹೆಚ್ಚಾಯಿತು. ಗೊತ್ತಿದ್ದ ಮೇಲೆ ಯಾಕೆ ಸುಮ್ಮನಿದ್ದೆ, ಬಸುರಿಯನ್ನು ಹೊಳೆ ದಾಟಿಸಬಾರದು ಎಂದು ನಮಗೆ ಹೇಳಿಕೊಟ್ಟವಳೇ ನೀನಲ್ಲವೇ ಎಂದು ಜಗಳಕ್ಕೆ ನಿಂತೆ.

ಅವ್ವ ಬುತ್ತಿ ಬಿಚ್ಚಿ ಅತ್ತಿಗೆಗೆ ರೊಟ್ಟಿ ಕೊಟ್ಟಳು. ನನಗೂ ಕೊಟ್ಟಳು. ಆಮೇಲೆ ನೀರಿನ ಕಡೆ ಮುಖ ಮಾಡಿ ಹೇಳಿದಳು:

"ನಾ ಈ ಊರಿಗೆ ಬಂದಾಗಿಂದ ಈ ನೀರು ನೋಡ್ಕೋತ ಅದೀನಿ. ಬಸುರಿ ಅಂತ ಬಿಡಲಿಲ್ಲ. ಬಾಣಂತಿ ಅಂತ ಬಿಡಲಿಲ್ಲ. ಆಮ್ಯಾಲ ಯಾರೂ ಕೇಳಲೇ ಇಲ್ಲ. ಈಕಿ ಬಾಯಿ ಬಿಟ್ಟಿದ್ರ ನಾನೂ ಮನ್ಯಾಗ ಇರ್ತಿದ್ದೆ."

ಅತ್ತಿಗೆ ತೆಪ್ಪ ತೆಪ್ಪ ಎಂದು ಐವತ್ತು ಸಲ ಹೇಳಿದ್ದಳು, ನಾನು ಕೇಳಿಸಿಕೊಂಡಿದ್ದೆ. ಅವ್ವ ಒಂದು ಸಲವೂ ಹೇಳಿರಲಿಲ್ಲ. ನಮ್ಮಲ್ಲಿ ಯಾರಿಗೂ ಕೇಳಬೇಕು ಎನಿಸಿರಲಿಲ್ಲ.

ಸಂಜೆ ದಂಡೆಗೆ ಕಾಲಿಟ್ಟ ಮೇಲೆ ಅತ್ತಿಗೆ ಸುದ್ದಿ ಹೊರಹಾಕಿದಳು. ಅಣ್ಣ ಟ್ಯೂಬಿನ ಮೇಲೆ ಕುಸಿದು ಕೂತ. ಬೆಳಿಗ್ಗೆ ಬೇಡಿಕೊಂಡು ಸಂಜೆಗೆ ಫಲ ಎಂದು ಮಾವ ಕೊಟ್ಟೂರಿಗೆಲ್ಲ ಸಾರಿದ. ಅವನು ಲೆಕ್ಕದಲ್ಲಿ ಮೊದಲಿನಿಂದಲೂ ಹಿಂದೆ. ಆಮೇಲೆ ಎಷ್ಟೋ ಗಂಡಹೆಂಡಿರು ಆ ನಡುಗಡ್ಡೆಗೆ ಹೋಗಿ ಬಂದರು. ಅವ್ವ ಯಾರಿಗೂ ನಿಜ ಹೇಳಲಿಲ್ಲ. ಹೋಗಲಿ ಬಿಡು, ಆ ನೆಪದಲ್ಲಾದರೂ ಆ ಹೆಂಗಸರು ತೆಪ್ಪ ಹತ್ತುತ್ತಾರೆ ಎನ್ನುತ್ತಿದ್ದಳು.

ಆದರೆ ಇದಕ್ಕೆಲ್ಲ ಮುಂಚೆ, ವಾಪಸ್ಸು ಬರುವಾಗ, ಅವ್ವ ಅಂಬಿಗನ ಪಕ್ಕದಲ್ಲೇ ಕೂತಿದ್ದಳು. ಕೈಯನ್ನು ಮೊಣಕೈವರೆಗೂ ನೀರಿನಲ್ಲಿ ಬಿಟ್ಟಿದ್ದಳು, ಬಳೆಗಳು ಮುಳುಗಿದ್ದವು. ದಂಡೆ ಹತ್ತಿರ ಬರುತ್ತಿದ್ದಂತೆ ಅವನ ಕಡೆ ತಿರುಗಿದಳು.

"ಒಂದ್ ಸಲ ಗರಗರ ತಿರುಗಸಪ್ಪಾ."

"ವಾಂತಿ ಬರತೈತಿ ಅಂದಿದ್ರಲ್ಲಬೇ," ಎಂದ ಅವನು.

"ಬಂದ್ರ ಬರಲಿ," ಎಂದಳು ಅವ್ವ.

ಅವನು ತಿರುಗಿಸಿದ.