ನೀರು ಕುಡಿದ ಇಂಜಿನ್

ನಿರುಪಮಾ ಡರ್ಟ್ ಬೈಕ್ ಹತ್ತಿದ್ದು ನಲವತ್ತು ದಾಟಿದ ಮೇಲೆ. ಹ್ಯೂಸ್ಟನ್ನಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ ಅವಳದು. ಜೊತೆಯ ಹೆಂಗಸೊಬ್ಬಳು ಒಂದು ಶನಿವಾರ ಊರಾಚೆಯ ಮಣ್ಣಿನ ಟ್ರ್ಯಾಕಿಗೆ ಕರೆದುಕೊಂಡು ಹೋಗಿದ್ದಳು. ಧಾರವಾಡದಲ್ಲಿ ಕಾಲೇಜು ಓದುವಾಗ ಸೋದರಮಾವನ ರಾಜದೂತ್ ಬೈಕನ್ನು ಕದ್ದು ಓಡಿಸಿದ್ದವಳಿಗೆ ಕ್ಲಚ್ಚು, ಗೇರು ಮರೆತಿರಲಿಲ್ಲ. ಅದೇ ವರ್ಷ ಇನ್ನೂರೈವತ್ತು ಸಿ.ಸಿ.ಯ ಹಳೆಯ ಫೋರ್ ಸ್ಟ್ರೋಕ್ ಬೈಕೊಂದು ಹ್ಯೂಸ್ಟನ್ನಿನ ಹೊರವಲಯದ ಸೈಪ್ರೆಸ್‌ನ ಅವರ ಗ್ಯಾರೇಜಿಗೆ ಬಂತು. ಕನ್ನಡ ಸಂಘದ ಊಟದಲ್ಲಿ ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ಗಂಡ ಶ್ರೀಕರ್ ಮೈಸೂರಿನವನು, ಮೆತ್ತಗಿನ ಮನುಷ್ಯ. "ಹೆಲ್ಮೆಟ್ ಹಾಕ್ಕೋ" ಅಂತ ಒಂದು ಮಾತು ಹೇಳಿ ಸುಮ್ಮನಾದ. ಮಗಳು ಶರ್ವಾಣಿ ಸ್ಕೂಲಿನಲ್ಲಿ ಯಾರಿಗೂ ಹೇಳಲಿಲ್ಲ.

ಬೈಕಿನ ಕೆಲಸವನ್ನೆಲ್ಲ ನಿರುಪಮಾ ತಾನೇ ಕಲಿತಳು. ತಿಳಿಯದಿದ್ದರೆ ಆಸ್ಟಿನ್ನಿನಲ್ಲಿರುವ ದುಷ್ಯಂತನಿಗೆ ಫೋನ್ ಮಾಡುತ್ತಿದ್ದಳು. ಹುಬ್ಬಳ್ಳಿಯ ಹುಡುಗ, ಟ್ರ್ಯಾಕಿನಲ್ಲೇ ಪರಿಚಯವಾದವನು, ಅಕ್ಕಾ ಅಂತ ಕರೆಯುತ್ತಿದ್ದ. ಒಂದು ಬೇಸಿಗೆಯಲ್ಲಿ ಇಂಜಿನ್ ಕಾದ ಮೇಲೆ ಕಿಕ್ ಹೊಡೆದರೆ ಎಬ್ಬಿಸುವುದು ಕಷ್ಟವಾಗತೊಡಗಿತ್ತು. ಎರಡು ಸಲ ವಾಲ್ವಿನ ಸಂದು ಸರಿಮಾಡಿದಳು. ಎರಡು ಸಲವೂ ಸ್ವಲ್ಪ ದಿನಕ್ಕೇ ಮತ್ತೆ ಬಿಗಿಯಾಯಿತು.

"ವಾಲ್ವು ಸವೆದಾವ ಅಕ್ಕಾ. ಇನ್ನ ಸಂದು ಹೊಂದಿಸಿ ಉಪಯೋಗಿಲ್ಲ, ಬಿಚ್ಚಬೇಕು," ಅಂದಿದ್ದ ದುಷ್ಯಂತ.

"ದೀಪಾವಳಿಗೆ ರಜಾ ಹಾಕಿ ಬಿಚ್ಚತೀನಿ," ಅಂದಿದ್ದಳು ನಿರುಪಮಾ.

ಆ ಆಗಸ್ಟ್ ಕೊನೆಗೆ ಮಳೆ ಬಂತು. ಬೆಳಿಗ್ಗೆ ಬೀದಿಯಲ್ಲಿದ್ದ ನೀರು ಮಧ್ಯಾಹ್ನಕ್ಕೆ ಅಡಿಗೆಮನೆಗೆ ನುಗ್ಗಿತು. ಮೂವರೂ ಮಹಡಿ ಹತ್ತಿದರು. ಯಾರೋ ಪುಣ್ಯಾತ್ಮರು ಮೀನು ಹಿಡಿಯುವ ದೋಣಿಯಲ್ಲಿ ಬಂದು ಇಳಿಸಿಕೊಂಡರು. ದೋಣಿ ಗ್ಯಾರೇಜಿನ ಮುಂದೆ ಹಾದಾಗ ಬಾಗಿಲಿನ ಮೇಲಿನ ಅರ್ಧ ಮಾತ್ರ ಕಾಣುತ್ತಿತ್ತು. ಶರ್ವಾಣಿ ಅಳುತ್ತಿದ್ದಳು. ನಿರುಪಮಾ ಅವಳ ಕೈ ಹಿಡಿದುಕೊಂಡು, ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಅಂತ ನೆನಪು ಮಾಡಿಕೊಳ್ಳುತ್ತಿದ್ದಳು.

ದಾರಿ ತೆರೆದ ಮೇಲೆ ಡಾಲಸ್ ಕಡೆ ಹೊರಟು, ಅಲೆನ್‌ನಲ್ಲಿದ್ದ ಶ್ರೀಕರನ ಅಕ್ಕ ಅನುರಾಧಾಳ ಮನೆ ಸೇರಿದರು. ಅಲ್ಲಿ ಒಂದು ಹನಿ ಮಳೆ ಬಿದ್ದಿರಲಿಲ್ಲ. ಸುದ್ದಿ ಕೇಳಿದವರು ಚಪಾತಿ ಪಲ್ಯ ಕಟ್ಟಿಕೊಂಡು, ಮಡಿಸಿದ ಬಟ್ಟೆ ಹೊತ್ತುಕೊಂಡು ಬಂದರು. ನೀರು ಎಲ್ಲಿಯವರೆಗೆ ಬಂತು, ಹೇಗೆ ಬಂತು ಅಂತ ಕೇಳಿದರು. ನಿರುಪಮಾ ಬೇರೆ ಯಾರದೋ ಮನೆಯ ಸಂಗತಿ ಹೇಳಿದ ಹಾಗೆ ಹೇಳಿದಳು. ಶ್ರೀಕರ್ ಹೇಳಲು ಹೋಗಿ ಅರ್ಧಕ್ಕೇ ಎದ್ದುಹೋದ.

ನಿರುಪಮಾ ಪಾತ್ರೆ ತೊಳೆಯುವಾಗ ಅನುರಾಧಾ ಪಕ್ಕಕ್ಕೆ ಬಂದು ನಿಂತಳು. "ಒಂದ್ಸಲ ಅತ್ತುಬಿಡು ನಿರುಪಮಾ. ಹಗುರ ಆಗುತ್ತೆ."

"ಅಳು ಬರವಲ್ದು ಅಕ್ಕಾ," ಅಂದು ನಿರುಪಮಾ ಇನ್ನೊಂದು ತಟ್ಟೆ ಎತ್ತಿಕೊಂಡಳು.

ನೀರು ಇಳಿದ ಮೇಲೆ ಸೈಪ್ರೆಸ್‌ಗೆ ಮರಳಿದರು. ಗೋಡೆಯ ಮೇಲೆ ಎದೆಮಟ್ಟಕ್ಕೆ ಕಂದು ಗೆರೆ. ಸೋಫಾ ತೇಲಿಕೊಂಡು ಹೋಗಿ ಅಡಿಗೆಮನೆಯ ಬಾಗಿಲಿಗೆ ಅಡ್ಡ ಬಿದ್ದಿತ್ತು. ಫ್ರಿಜ್ ಬಾಗಿಲು ತೆರೆಯುವ ಧೈರ್ಯ ಯಾರಿಗೂ ಆಗಲಿಲ್ಲ. ಕನ್ನಡ ಸಂಘದವರು, ಪಕ್ಕದ ಬೀದಿಯವರು ಕೈಗೆ ಗ್ಲೌಸ್ ಹಾಕಿಕೊಂಡು ಬಂದು ಗೋಡೆಯ ಹಲಗೆ ಕಿತ್ತು ರಸ್ತೆಯಂಚಿಗೆ ಒಟ್ಟತೊಡಗಿದರು. ತನ್ನ ತಾಯಿಯ ಇಳಕಲ್ ಸೀರೆಗಳ ಪೆಟ್ಟಿಗೆಯನ್ನು ನಿರುಪಮಾ ತಾನೇ ಎತ್ತಿಕೊಂಡು ಹೋಗಿ ಆ ರಾಶಿಯ ಮೇಲಿಟ್ಟಳು. ಒಳಗೆ ಬೂಷ್ಟು ಹಿಡಿದಿತ್ತು. ಇಟ್ಟು ತಿರುಗಿ ನೋಡಲಿಲ್ಲ. ನೋಡಬೇಕು ಅಂತಲೂ ಅನ್ನಿಸಲಿಲ್ಲ.

ಗ್ಯಾರೇಜಿನಲ್ಲಿ ಬೈಕು ಮಗ್ಗುಲಾಗಿ ಕೆಸರಿನಲ್ಲಿ ಮಲಗಿತ್ತು. ಅವಳು ದುಷ್ಯಂತನಿಗೆ ಫೋನ್ ಮಾಡಿದಳು.

"ಕಿಕ್ ಹೊಡದಿಲ್ಲ ಹೌದಿಲ್ಲೋ?" ಅವನ ಮೊದಲ ಮಾತೇ ಅದು. "ಮುಟ್ಟಬ್ಯಾಡ್ರಿ. ಸಿಲಿಂಡರಿನಾಗ ನೀರು ನಿಂತಿದ್ರ ಪಿಸ್ಟನ್ನಿಗೆ ಮ್ಯಾಲೆ ಹೋಗಾಕ ಜಾಗ ಇರಂಗಿಲ್ಲ, ಒಳಗಿನ ರಾಡು ಬಗ್ಗತದ. ಮೊದಲ ಪ್ಲಗ್ ಬಿಚ್ಚಿ ಆಯಿಲ್ ಇಳಸ್ರಿ."

ಇಳಿಸಿದಳು. ಮೊದಲು ಬರೀ ನೀರು ಬಂತು, ಆಮೇಲೆ ಚಹಾದ ಬಣ್ಣದ ದಪ್ಪನೆಯ ಆಯಿಲ್. ಶ್ರೀಕರ್ ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಬಾಗಿಲಲ್ಲಿ ನಿಂತು ನೋಡಿದ.

"ನಿರು, ಮನೆ ಮೊದಲು ಅಲ್ವಾ?"

"ಮನಿಗೆ ಇಷ್ಟ ಮಂದಿ ಬಂದಾರ. ಇದಕ್ಕ ಯಾರೂ ಇಲ್ಲ," ಅಂದಳು. ಅದು ಸಿಟ್ಟಿನ ಮಾತಲ್ಲ. ಅವನಿಗೂ ಸಿಟ್ಟು ಬರಲಿಲ್ಲ. ಒಳಗೆ ಬಂದು ಬೈಕಿನ ಹಿಂಭಾಗ ಹಿಡಿದುಕೊಂಡ.

ಮನೆ ಸರಿಯಾಗುವತನಕ ಹ್ಯೂಸ್ಟನ್ನಿನ ಹತ್ತಿರದ ಸ್ಟಾಫರ್ಡ್‌ನಲ್ಲಿ ಎರಡು ಕೋಣೆಯ ಅಪಾರ್ಟ್‌ಮೆಂಟ್ ಸಿಕ್ಕಿತು. ಬೈಕಿನ ಚಾಸಿಯನ್ನು ಗೆಳೆಯರೊಬ್ಬರ ಶೆಡ್ಡಿನಲ್ಲಿಟ್ಟು, ಇಂಜಿನ್ ಒಂದನ್ನೇ ಇಳಿಸಿ ತಂದಳು. ತುಕ್ಕು ಏರದಿರಲೆಂದು ಒಳಗೆಲ್ಲ ಡೀಸೆಲ್ ಹಾಕಿ ತೊಳೆದು, ಹೊಸ ಆಯಿಲ್ ತುಂಬಿಸಿ, ಊಟದ ಮೇಜಿನ ತುದಿಯಲ್ಲಿ ಹಳೆಯ ಟವೆಲ್ ಹಾಸಿ ಅದರ ಮೇಲಿಟ್ಟಳು. ಅವರು ಮೂವರೂ ಮೇಜಿನ ಇನ್ನೊಂದು ತುದಿಯಲ್ಲಿ ಊಟ ಮಾಡಿದರು.

"ಮಾಮ್, ಇಟ್ ಸ್ಮೆಲ್ಸ್," ಅಂದಳು ಶರ್ವಾಣಿ.

"ಸಾರಿಗೆ ಇಂಗು ಜಾಸ್ತಿ ಹಾಕತೀನಿ ಬಿಡು," ಅಂದಳು ನಿರುಪಮಾ. ಶರ್ವಾಣಿ ನಕ್ಕಳು. ಮಳೆಯಾದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ನಿರುಪಮಾ ಅದನ್ನು ಗಮನಿಸಿದಳು. ಸಂತೋಷವಾಗಬೇಕಿತ್ತು ಅಂತ ಅಂದುಕೊಂಡಳು.

ತೀರ್ಮಾನ ಮಾಡುವುದು ಉಳಿದಿತ್ತು. ಆಯಿಲ್ ಬದಲಿಸಿ ಹಾಗೇ ಓಡಿಸಿಬಿಡಬಹುದು. ಎಷ್ಟೋ ಜನ ಹಾಗೇ ಮಾಡುತ್ತಾರೆ. ಇಲ್ಲವೇ ಮೇಲಿನ ಅರ್ಧ ಮಾತ್ರ ಬಿಚ್ಚಿ ಪಿಸ್ಟನ್, ರಿಂಗು, ವಾಲ್ವು ಹೊಸದು ಹಾಕಬಹುದು. ಅದು ಹೇಗೂ ಬಾಕಿ ಇದ್ದ ಕೆಲಸ. ಪೂರ್ತಿ ಸೀಳಿದರೆ ಕೆಳಗಿನ ಬೇರಿಂಗಿನವರೆಗೂ ಹೋಗಬೇಕು. ದಿನವೆಲ್ಲ ಇನ್ಶುರೆನ್ಸಿನವರ ಜೊತೆ, ಗೋಡೆ ಕಟ್ಟುವವರ ಜೊತೆ ಮಾತಾಡಿ ಬಂದವಳಿಗೆ ಟೈಲ್ಸಿನ ಬಣ್ಣ ಯಾವುದು ಅಂದರೆ ಉತ್ತರ ಹೊಳೆಯುತ್ತಿರಲಿಲ್ಲ. ಯಾವುದಾದರೂ ಆದೀತು ಅನ್ನುತ್ತಿದ್ದಳು. ಇಂಜಿನ್ ಮುಂದೆ ಕೂತಾಗ ಮಾತ್ರ ಹೀಗಾದರೆ ಹೀಗೆ, ಹಾಗಾದರೆ ಹಾಗೆ ಅಂತ ತಲೆ ಓಡುತ್ತಿತ್ತು. ಬರೀ ಮೇಲಿನ ಅರ್ಧ ಸಾಕು ಅಂತ ಗಟ್ಟಿಮಾಡಿಕೊಂಡಳು.

ಒಂದು ಭಾನುವಾರ ಬೆಳಿಗ್ಗೆ ತಿಂಡಿಯಾದ ಮೇಲೆ ಇಂಜಿನ್ನಿನ ಮೇಲ್ಭಾಗದ ಹೆಡ್ಡು, ಸಿಲಿಂಡರು ಎರಡನ್ನೂ ಬಿಚ್ಚಿದಳು. ವಾಲ್ವುಗಳ ಅಂಚು ದುಷ್ಯಂತ ಹೇಳಿದ ಹಾಗೇ ಸವೆದಿತ್ತು. ರಿಂಗುಗಳು ತುಕ್ಕು ಹಿಡಿದು ಪಿಸ್ಟನ್ನಿಗೆ ಅಂಟಿಕೊಂಡಿದ್ದವು. ಸಿಲಿಂಡರಿನ ಒಳಗೋಡೆಗೆ ಬಳೆಯಂತೆ ಕಂದು ಕಲೆ; ಒರೆಸಿದರೆ ಹೋಯಿತು, ಉಗುರಿಗೆ ಗುಳಿಯೇನೂ ತಾಗಲಿಲ್ಲ. ಹೊಸ ಸಾಮಾನು ಹಾಕಿ ಮುಚ್ಚಬಹುದಿತ್ತು. ಸುಮ್ಮನೆ ಒಮ್ಮೆ, ಕೆಳಗಿನ ಬೇರಿಂಗಿನ ಮೇಲೆ ತಿರುಗುವ ಕ್ರ್ಯಾಂಕನ್ನು ಕೈಯಲ್ಲಿ ತಿರುಗಿಸಿದಳು. ಬೆರಳಿಗೆ ಮರಳು ಅರೆದಂತಾಯಿತು. ನಿಲ್ಲಿಸಿ, ಮತ್ತೆ ನಿಧಾನ ತಿರುಗಿಸಿದಳು. ಅದೇ.

ದುಷ್ಯಂತನಿಗೆ ಫೋನ್ ಮಾಡಿ ಹೇಳಿದಳು. "ಹಂಗ ಮುಚ್ಚಿದ್ರೂ ಓಡತದ ಅಕ್ಕಾ."

"ಎಷ್ಟು ದಿನ?"

"ಅದನ್ನ ಹೇಳಾಕ ಬರಂಗಿಲ್ಲ. ನಡು ಟ್ರ್ಯಾಕಿನಾಗ ಜಾಮ್ ಆತಂದ್ರ ನೀವು ಮ್ಯಾಲಿರತೀರಿ, ಅದಷ್ಟ ನೋಡ್ಕೋರಿ."

ಮುಂದಿನ ಶನಿವಾರ ಇಂಜಿನ್ನನ್ನು ಕಾರಿನಲ್ಲಿ ಹಾಕಿಕೊಂಡು ಆಸ್ಟಿನ್ನಿಗೆ ಹೋದಳು. ದುಷ್ಯಂತನ ಗ್ಯಾರೇಜಿನಲ್ಲಿ ಇಬ್ಬರೂ ಸೇರಿ ಇಂಜಿನ್ನನ್ನು ಎರಡು ಹೋಳು ಮಾಡಿದರು. ಬೇರಿಂಗಿನ ಗುಂಡುಗಳ ನಡುವೆ ಹಳದಿ ಹೂಳು ಒಣಗಿ ಕೂತಿತ್ತು. ಗೇರಿನ ಹಲ್ಲುಗಳಿಗೂ ತುಕ್ಕಿನ ಚುಕ್ಕೆ. ಅವಳು ಬ್ರಷ್ ಹಿಡಿದು ಒಂದೊಂದೇ ತೊಳೆದಳು. ದುಷ್ಯಂತನ ಹೆಂಡತಿ ಅನಘಾ ಊಟಕ್ಕೆ ಕರೆದಳು, ಕೇಳಿಸಲಿಲ್ಲ. ಎರಡನೆಯ ಸಲ ಕರೆದಾಗ ಎದ್ದು ಕೈತೊಳೆದುಕೊಂಡು ಹೋಗಿ, ಬಡಿಸಿದ್ದನ್ನೆಲ್ಲ ಉಂಡಳು. ಏನು ಉಂಡೆ ಅಂತ ವಾಪಸ್ ಬರುವ ದಾರಿಯಲ್ಲಿ ನೆನಪಾಗಲಿಲ್ಲ.

ಹೊಸ ಬೇರಿಂಗ್, ಹೊಸ ಪಿಸ್ಟನ್, ವಾಲ್ವು ಎಲ್ಲ ಬಂದು, ಇಂಜಿನ್ ಮತ್ತೆ ಒಂದಾಗಿ ಚಾಸಿಗೆ ಕೂತಾಗ ಚಳಿಗಾಲ ಕಳೆದಿತ್ತು. ಶೆಡ್ಡಿನ ಮುಂದೆ ನಿಲ್ಲಿಸಿ ಕಿಕ್ ಹೊಡೆದಳು. ಮೊದಲ ಸಲ ಕೆಮ್ಮಿತು. ಎರಡನೆಯ ಸಲ ಹೊತ್ತಿತು. ಶಬ್ದ ಶುದ್ಧವಾಗಿತ್ತು. ಕಾಯಲು ಬಿಟ್ಟು, ಆಫ್ ಮಾಡಿ, ಬಿಸಿಯಲ್ಲೇ ಮತ್ತೆ ಎಬ್ಬಿಸಿದಳು. ಒಂದೇ ಕಿಕ್ಕಿಗೆ ಎದ್ದಿತು.

ಶ್ರೀಕರ್ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟ. "ಖುಷಿ ಆಯ್ತಾ?"

"ಸರಿಯಾಗೇದ್ರಿ."

"ಇಂಜಿನ್ ವಿಷಯ ಕೇಳಲಿಲ್ಲ ನಾನು."

ಅವಳು ಎರಡು ಗುಟುಕು ಕುಡಿದಳು. "ನನಗ ಏನೂ ಅನಸವಲ್ದು. ಆವತ್ತು ದೋಣಿಯೊಳಗ ಕೂತಾಗಿಂದ. ಅವ್ವನ ಸೀರಿ ಕಸದಾಗ ಒಗದು ಬಂದೆ, ಏನೂ ಅನಸಲಿಲ್ಲ. ಇದು ಚಾಲೂ ಆದ್ರರ ಏನರ ಆಗತದೇನೋ ಅಂತ ನೋಡಿದೆ."

ಶ್ರೀಕರ್ ಅವಳ ಕಪ್ಪಿಗೆ ಇನ್ನಷ್ಟು ಚಹಾ ಹಾಕಿದ. "ಮುಂದಿನ ವಾರ ಸೈಪ್ರೆಸ್ ಮನೆ ಬೀಗದ ಕೈ ಕೊಡ್ತಾರೆ. ನಿಂಗೆ ಅಲ್ಲಿಗೆ ಹೋಗೋಕೆ ಇಷ್ಟ ಇದೆಯಾ?" ಅಂತ ಕೇಳಿದ. ಇಷ್ಟು ದಿನವೂ ಈ ಮಾತು ಯಾರೂ ಅವಳನ್ನು ಕೇಳಿರಲಿಲ್ಲ.

"ಇಲ್ಲ," ಅಂದಳು ನಿರುಪಮಾ. ಉತ್ತರ ಇಷ್ಟು ಬೇಗ ಬಂದದ್ದಕ್ಕೆ ಅವಳಿಗೇ ಆಶ್ಚರ್ಯವಾಯಿತು.

ಹೋಗದೆ ಗತಿ ಇರಲಿಲ್ಲ, ಹೋದರು. ಹೊಸ ಗೋಡೆಯ ವಾಸನೆಯಲ್ಲಿ ಒಂದು ವರ್ಷ ಇದ್ದರು. ಶ್ರೀಕರ್ ಡಾಲಸ್ ಆಫೀಸಿಗೆ ವರ್ಗ ಕೇಳಿ ಪಡೆದ ಮೇಲೆ ಮನೆ ಮಾರಿ ಅಲೆನ್‌ಗೆ ಶಿಫ್ಟ್ ಆದರು. ನಿರುಪಮಾಗೆ ಪಕ್ಕದ ಊರು ಪ್ಲೇನೋದ ಲ್ಯಾಬೊಂದರಲ್ಲಿ ಕೆಲಸ ಸಿಕ್ಕಿತು. ಹತ್ತಿರದಲ್ಲಿ ಟ್ರ್ಯಾಕ್ ಇದೆ. ತಿಂಗಳಿಗೊಮ್ಮೆ ಹೋಗುತ್ತಾಳೆ, ಮೊದಲಿನಷ್ಟು ವೇಗವಾಗಿ ಓಡಿಸುವುದಿಲ್ಲ. ಹೇಗಿತ್ತು ಅಂತ ಅನುರಾಧಾ ಕೇಳಿದರೆ, "ಚಲೋ ಇತ್ತು" ಅನ್ನುತ್ತಾಳೆ. ಒಂದೊಂದು ಸಲ ಅದು ನಿಜವೂ ಇರುತ್ತದೆ.