ನಸ್ರೀನ್ ತಿದ್ದಿಸಿದ ಒಂದು ಕಾಲಂ

ಗೆಳೆಯರೇ...
ಬೆಳಿಗ್ಗೆ ನಸ್ರೀನ್‌ಳ ಅಣ್ಣ ಫೋನ್ ಮಾಡಿ ಅವಳು ಹೋದ ಸುದ್ದಿ ಹೇಳಿದಾಗ "ರಾಂಗ್ ನಂಬರ್" ಎಂದು ಕಟ್ ಮಾಡಿಬಿಟ್ಟೆ.
ಅವರು ಮತ್ತೆ ಮಾಡಿದರು...
ನಿಜವಂತೆ.

ಎರಡು ವರ್ಷದಿಂದ ಕಿಡ್ನಿ ತೊಂದರೆ ಇತ್ತು.
ಆದರೂ ಮೊನ್ನೆಯಷ್ಟೇ ನಗುನಗುತ್ತಾ ಮಾತಾಡಿದ್ದಳು...

ಅವಳನ್ನು ಅರಿಯದವರಿಗಾಗಿ...
ನಸ್ರೀನ್ ಹರಿಹರದವಳು.
ದಾವಣಗೆರೆಯಲ್ಲಿ ಎಂ.ಎ. ಓದುವಾಗ ನನ್ನ ಕ್ಲಾಸ್‌ಮೇಟ್.
ನಮ್ಮ ಸಮಾಜ ವಿಜ್ಞಾನ ಕ್ಲಬ್ ಶುರು ಮಾಡಿದವಳು. ಆಗ ನಾವು ಒಂಬತ್ತೇ ಜನ.

ಮೊದಲ ವರ್ಷ ಹರಿಹರದ ಒಂದು ಓಣಿಯಲ್ಲಿ ಸರ್ವೆ ಮಾಡಿದೆವು.
ರಿಪೋರ್ಟ್ ರಾಜ್ಯಮಟ್ಟದ ಸೆಮಿನಾರ್‌ಗೆ ಹೋಗಬೇಕಿತ್ತು. ಎರಡೇ ದಿನ ಬಾಕಿ...
"ಕಳಿಸೋಕ್ಕಿಂತ ಮುಂಚೆ ಓಣ್ಯಾಗಿನವರಿಗೆ ಓದಿ ಹೇಳೋಣ" ಎಂದಳು ನಸ್ರೀನ್.

ಓದಿದೆವು.
ಮೆಹಬೂಬಿ ಎಂಬ ಹೆಂಗಸು ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಲೇ ಕೇಳುತ್ತಿದ್ದರು.
ಅವರ ಮನೆಯ ಸರದಿ ಬಂದಾಗ ಕೈ ನಿಂತಿತು.
"ಗೃಹಿಣಿ ಅಂತ ಬರ್ದೀರಿ. ಮತ್ತ ಈ ಬೀಡಿ ಯಾರ್ ಕಟ್ಟಿದ್ದು ಅಂತ ಬರೀತೀರಿ?"

ಆ ಉದ್ಯೋಗದ ಕಾಲಂ ತುಂಬಿದವನು ನಾನೇ...
ಅವರ ಗಂಡ ಹೇಳಿದ್ದನ್ನು ಬರೆದುಕೊಂಡಿದ್ದೆ. ಓಣಿಯ ತುಂಬಾ ಹಾಗೇ ಆಗಿತ್ತು.

ಹೊರಗೆ ಬಂದು ನಸ್ರೀನ್‌ಗೆ ಹೇಳಿದೆ, "ಒಂದೇ ಪದ ತಾನೆ, ಬಿಡು. ಯಾರ್ ನೋಡ್ತಾರೆ?"
"ಆಕಿ ನೋಡಿದ್ಲಲ್ಲ" ಎಂದಳು.

ಮತ್ತೆ ಮನೆಮನೆಗೆ ಹೋಗಿ ಹೆಂಗಸರನ್ನೇ ಕೇಳಿದೆವು.
ಸೆಮಿನಾರ್ ಗಡುವು ದಾಟಿತು...
ಐದು ಜನ ಸಿಟ್ಟಾಗಿ ಕ್ಲಬ್ ಬಿಟ್ಟರು.

ನಸ್ರೀನ್...
ನಾನೂ ವಾರಗಟ್ಟಲೆ ನಿನ್ನ ಮೇಲೆ ಮುನಿಸಿಕೊಂಡಿದ್ದೆ.
ನೀನು ವಾದಕ್ಕೆ ಬರಲಿಲ್ಲ. ಬಸ್‌ನಲ್ಲಿ ಪಕ್ಕದ ಸೀಟ್ ಹಿಡಿದು "ಕೂಡು ಬಾ" ಎನ್ನುತ್ತಿದ್ದೆ, ಅಷ್ಟೇ...

ತಿದ್ದಿದ ರಿಪೋರ್ಟ್ ಹಿಡಿದುಕೊಂಡು ಆ ಹೆಂಗಸರು ಬೀಡಿ ಕಾರ್ಮಿಕರ ಗುರುತಿನ ಚೀಟಿಗೆ ಅರ್ಜಿ ಹಾಕಿದರು.
ತಿಂಗಳುಗಳೇ ಹಿಡಿದವು.
ಒಂದು ದಿನ ಮೆಹಬೂಬಿ ಆ ಚೀಟಿ ಹಿಡಿದು ನಮ್ಮ ಡಿಪಾರ್ಟ್‌ಮೆಂಟ್ ಬಾಗಿಲಿಗೇ ಬಂದರು, ನೆನಪಿದೆಯಾ?
"ಓದವ್ವ... ಇದರಾಗ ನನ್ನ ಏನಂತ ಬರ್ದಾರೆ?"
ನೀನು ಓದಿದೆ. "ಕಾರ್ಮಿಕರು."
ಇನ್ನೊಂದು ಸಲ ಓದಿಸಿದರು.
ನೀನೇ ಸರಿ ಇದ್ದೆ... ಇಷ್ಟು ವರ್ಷ ಬಾಯಿಬಿಟ್ಟು ಹೇಳಿರಲಿಲ್ಲ. ಇವತ್ತು ಎಲ್ಲರೆದುರು ಹೇಳುತ್ತಿದ್ದೇನೆ.

ಗೆಳೆಯರೇ, ಕ್ಲಬ್‌ಗೆ ಈಗ ಒಂದು ಕ್ಲಾಸ್‌ರೂಮ್ ಸಾಲುವುದಿಲ್ಲ.
ಯಾರ ಬಗ್ಗೆ ಬರೆದರೂ ಮೊದಲು ಅವರಿಗೇ ಓದಿ ಹೇಳುವುದು ಇವತ್ತಿಗೂ ರೂಢಿ.
ಈ ಭಾನುವಾರ ದಾವಣಗೆರೆ ಪಕ್ಕದ ಬಾತಿಯಲ್ಲಿ ಅಂಥದ್ದೊಂದು ಓದು ಇದೆ.

ಈಗಿನ ಸೆಕ್ರೆಟರಿ ಕಾವ್ಯ ಮಧ್ಯಾಹ್ನ ನಸ್ರೀನ್ ಮನೆಗೆ ಬಂದಿದ್ದಳು.
"ಮುಂದಕ್ಕೆ ಹಾಕ್ಲೇನ್ರಿ ಅಮ್ಮಾ?" ಎಂದು ನಸ್ರೀನ್ ತಾಯಿಯನ್ನು ಕೇಳಿದಳು.
ಅವರು ಹೇಳಿದರು...
"ಬ್ಯಾಡವ್ವ. ಜನ ಕಾಯ್ತಿರ್ತಾರೆ. ಓದ್ರಿ."

ಕಾವ್ಯ ಓದುತ್ತಾಳೆ...
ನಾನು ಹಿಂದಿನ ಸಾಲಿನಲ್ಲಿ ಕೂತು ಕೇಳುತ್ತೇನೆ.

ಹೋಗಿ ಬಾ ಗೆಳತಿ...
ನಿನ್ನ ಜೀವ ತಣ್ಣಗಿರಲಿ.