ಮಡಿಕೆಯಲ್ಲಿ ಸಿಕ್ಕಿದ ಚುಕ್ಕಿ

ನಾನು ಸದ್ಯಕ್ಕೆ ಸಾಯುವುದಿಲ್ಲ.

ಈ ಶುಭ ಸಮಾಚಾರವನ್ನು ನನಗೆ ಮೊದಲು ತಿಳಿಸಿದವರು ಡಾಕ್ಟರಲ್ಲ. ಶಿರಾ ಗೇಟಿನಲ್ಲಿ ವಾಚ್ ರಿಪೇರಿ ಮಾಡುವ ನಾಸಿರ್ ಭಾಯ್. ಅದೂ ಕಳೆದ ಭಾನುವಾರ ಬೆಳಿಗ್ಗೆ, ಒಂದು ಕಣ್ಣು ಮುಚ್ಚಿಕೊಂಡು. ಅದಕ್ಕೆ ಹಿಂದಿನ ಎರಡು ದಿನ ನಾನು ಹೆಚ್ಚುಕಡಿಮೆ ಸತ್ತೇ ಹೋಗಿದ್ದೆ. ಸಾಯಿಸಿದ್ದು ಯಾರು ಅಂತೀರಾ? ನನ್ನ ಜೇಬಿನಲ್ಲಿದ್ದ ಫೋನು.

ಮೊದಲಿನಿಂದ ಹೇಳುತ್ತೇನೆ.

ನಾನು ಗುಬ್ಬಿಯ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಮೇಷ್ಟ್ರು. ಮನೆ ತುಮಕೂರಿನಲ್ಲಿ. ದಿನಾ ಟ್ರೈನಿನಲ್ಲಿ ಓಡಾಟ. ವಾರಕ್ಕೊಮ್ಮೆ ಈ ಅಂಕಣದಲ್ಲಿ ಬಂದು ಹೊಸ ಫೋನು, ಹೊಸ ಆ್ಯಪು, ಹೊಸ ಚಾರ್ಜರು ಎಂದು ನಿಮ್ಮ ತಲೆ ತಿನ್ನುತ್ತೇನೆ. ಹೋದ ವಾರ ನಮ್ಮ ಕಾಲೇಜಿನಲ್ಲಿ ಹೆಲ್ತ್ ಕ್ಯಾಂಪ್ ಇತ್ತು. ಬಿಪಿ, ಶುಗರ್ ಆಯಿತು. ಐವತ್ತು ದಾಟಿದ ಗಂಡಸರು ಪ್ರಾಸ್ಟೇಟ್ ಪರೀಕ್ಷೆಗೂ ರಕ್ತ ಕೊಡಿ ಎಂದರು. ಬಿಟ್ಟಿ ಸಿಕ್ಕರೆ ನಾವು ಏನನ್ನು ಬಿಟ್ಟಿದ್ದೇವೆ? ಕೊಟ್ಟೆ.

ಶುಕ್ರವಾರ ರಿಪೋರ್ಟ್ ಬಂತು. ನಾಲ್ಕು ಮಡಿಕೆ ಮಾಡಿ ಶರ್ಟಿನ ಜೇಬಿಗೆ ತುರುಕಿಕೊಂಡು ಟ್ರೈನ್ ಹತ್ತಿದೆ. ಕಿಟಕಿ ಪಕ್ಕ ಸೀಟೂ ಸಿಕ್ಕಿತು. ಬೇಜಾರಿಗೆ ರಿಪೋರ್ಟ್ ಬಿಚ್ಚಿದೆ. ಓದುವ ಕನ್ನಡಕ ಮಾತ್ರ ಸ್ಟಾಫ್ ರೂಮಿನ ಟೇಬಲ್ಲಿನ ಮೇಲೆ ಉಳಿದುಬಿಟ್ಟಿತ್ತು.

ಕನ್ನಡಕ ಇಲ್ಲದಿದ್ದರೇನಂತೆ? ಫೋನ್ ಇದೆಯಲ್ಲ! ಕುಲುಕಾಡುವ ರೈಲಿನಲ್ಲೇ ಕಾಗದದ ಫೋಟೋ ಹೊಡೆದೆ. ಎಐ ಚಾಟ್‌ಬಾಟಿಗೆ ಹಾಕಿದೆ. 'ಇದರಲ್ಲಿ ಏನಿದೆ ಸ್ವಲ್ಪ ಹೇಳಪ್ಪಾ' ಎಂದೆ. (ಹೌದು, ನಾನು ಅದನ್ನು ಅಪ್ಪಾ ಎನ್ನುತ್ತೇನೆ. ಮನೆಯವರಿಗಿಂತ ಹೆಚ್ಚು ಮರ್ಯಾದೆ ಅದಕ್ಕೇ ಸಿಗುವುದು.)

ಅದು ಎರಡು ಸೆಕೆಂಡ್ ಯೋಚಿಸಿತು. ಆಮೇಲೆ, 'ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ' ಎಂದು ಶುರು ಮಾಡಿತು.

ನನಗೆ ಅಲ್ಲಿಯವರೆಗೆ ಯಾವ ಆತಂಕವೂ ಇರಲಿಲ್ಲ ಮಾರಾಯರೇ!

ಅದು ಹೇಳಿದ್ದಿಷ್ಟು. ಪ್ರಾಸ್ಟೇಟ್ ಪರೀಕ್ಷೆಯ ಅಂಕಿ ಹನ್ನೊಂದು ಇದೆ. ನಾಲ್ಕರೊಳಗೆ ಇದ್ದರೆ ಒಳ್ಳೆಯದಿತ್ತು. ಸೋಂಕು ಇರಬಹುದು. ವಯಸ್ಸಿಗೆ ಬರುವ ಊತ ಇರಬಹುದು. ಕ್ಯಾನ್ಸರ್ ಕೂಡ ಇರಬಹುದು. ಗಾಬರಿಯಾಗದೆ ಡಾಕ್ಟರನ್ನು ಕಾಣಿ.

ಮೂರು ಕಾರಣ ಕೊಟ್ಟಿತ್ತು. ನನ್ನ ಕಣ್ಣಿಗೆ ಬಿದ್ದಿದ್ದು ಮೂರನೆಯದು ಮಾತ್ರ. ನಿಮ್ಮ ಕಣ್ಣಿಗಾದರೂ ಬೇರೆ ಏನು ಬೀಳುತ್ತಿತ್ತು?

ಮಲ್ಲಸಂದ್ರ ದಾಟುವಷ್ಟರಲ್ಲಿ ನಾನು ಅದಕ್ಕೆ ಆರು ಪ್ರಶ್ನೆ ಕೇಳಿದ್ದೆ. ತುಮಕೂರು ಸ್ಟೇಷನ್ ಬರುವಷ್ಟರಲ್ಲಿ ಹದಿನೈದಾಗಿತ್ತು. 'ತೀರಾ ಕೆಟ್ಟದಾದರೆ ಏನಾಗಬಹುದು?' ಎಂದು ಕೇಳಿದೆ ನೋಡಿ, ಅಲ್ಲೇ ಎಡವಟ್ಟಾಗಿದ್ದು. ಕೆಟ್ಟದ್ದು ಏನೇನಾಗಬಹುದೋ ಅಷ್ಟನ್ನೂ ಅಚ್ಚುಕಟ್ಟಾಗಿ, ತಲೆಬರಹ ಕೊಟ್ಟು, ಪಟ್ಟಿ ಮಾಡಿ ಕೈಗಿಟ್ಟಿತು. ಅದನ್ನು ಬೈಯುವಂತಿಲ್ಲ. ಕೇಳಿದವನು ನಾನೇ.

ಇನ್ನೊಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ಎಐ ಹೇಳಿದ್ದನ್ನೆಲ್ಲ ನಂಬಬೇಡಿ, ಒಂದು ಸಲ ನೀವೇ ಚೆಕ್ ಮಾಡಿಕೊಳ್ಳಿ ಎಂದು ಇದೇ ಅಂಕಣದಲ್ಲಿ ಉಪದೇಶ ಮಾಡಿದ ಮಹಾನುಭಾವನೂ ನಾನೇ. (ಆ ಪೇಪರ್ ಇಟ್ಟುಕೊಂಡಿದ್ದರೆ ದಯವಿಟ್ಟು ಹಪ್ಪಳ ಒಣಗಿಸಲು ಬಳಸಿ.) ನಾನು ಚೆಕ್ ಮಾಡಿದೆನಾ? ಕಾಗದವನ್ನು ಸ್ಕೂಟರ್ ಡಿಕ್ಕಿಯಲ್ಲಿಟ್ಟು ಲಾಕ್ ಮಾಡಿದೆ. ಹೆಂಡತಿ ಕಣ್ಣಿಗೆ ಬೀಳದಿರಲಿ ಎಂದು. ನನ್ನ ಕಣ್ಣಿಗೂ ಬೀಳದಿರಲಿ ಎಂದು.

ಸ್ಟೇಷನ್ ಮುಂದೆ ನಿಂತುಕೊಂಡೇ ನಮ್ಮ ಫ್ಯಾಮಿಲಿ ಡಾಕ್ಟರ ಕ್ಲಿನಿಕ್ಕಿಗೆ ಫೋನ್ ಮಾಡಿದೆ. ಕಾಂಪೌಂಡರ್ ಎತ್ತಿದರು.

"ಡಾಕ್ಟ್ರು ಇಲ್ಲ ಸಾರ್. ಕುಣಿಗಲ್ಲಲ್ಲಿ ಅವರ ಅಕ್ಕನ ಮಗಳ ಮದುವೆ. ಸೋಮವಾರ ಸಿಗ್ತಾರೆ. ಅರ್ಜೆಂಟಾ?"

"ಇಲ್ಲ ಇಲ್ಲ, ಏನಿಲ್ಲ, ಸುಮ್ನೆ" ಎಂದೆ.

ಸಾಯುವವನು ಹೇಳುವ ಮಾತಾ ಇದು? ತುಮಕೂರಿನಲ್ಲಿ ಬೇರೆ ಡಾಕ್ಟರುಗಳಿಲ್ಲವಾ? ರಸ್ತೆಗೊಬ್ಬರಿದ್ದಾರೆ. ಆದರೆ ಹೋಗಿ ಕೇಳಿ, ಅವರೂ ಹೌದು ಎಂದುಬಿಟ್ಟರೆ? ಸೋಮವಾರದವರೆಗೆ ಅನುಮಾನವನ್ನಾದರೂ ಹಿಡಿದುಕೊಂಡು ಬದುಕಬಹುದು ಅನ್ನಿಸಿತು. ಹೆದರಿದವನ ತರ್ಕ ಹೀಗೇ ಇರುತ್ತದೆ, ನಗಬೇಡಿ.

ಶನಿವಾರ ಕಾಲೇಜಿಗೆ ರಜೆ ಹಾಕಿದೆ. ಸಾಯುವ ಮುಂಚೆ ಜನ ಆಸ್ತಿಪಾಸ್ತಿಗೆ ವ್ಯವಸ್ಥೆ ಮಾಡುತ್ತಾರೆ. ನಮ್ಮಂಥ ಗ್ಯಾಜೆಟ್ ಹುಚ್ಚರ ಆಸ್ತಿ ಏನು? ಪಾಸ್‌ವರ್ಡುಗಳು. ಹಳೇ ನೋಟ್‌ಬುಕ್ಕೊಂದನ್ನು ಹುಡುಕಿ ಬರೆಯುತ್ತಾ ಕೂತೆ. ಬ್ಯಾಂಕು, ಗ್ಯಾಸು, ಕರೆಂಟು, ಈಮೇಲು, ವೈಫೈ. ಇನ್ವರ್ಟರ್ ಬ್ಯಾಟರಿಗೆ ನೀರು ಯಾವಾಗ ಹಾಕಬೇಕು. ಟಿವಿ ತಾನಾಗಿ ಇಂಗ್ಲಿಷಿಗೆ ತಿರುಗಿದರೆ ವಾಪಸ್ ಕನ್ನಡಕ್ಕೆ ತರುವುದು ಹೇಗೆ. ಬರೆಯುತ್ತಾ ಬರೆಯುತ್ತಾ ಒಂದು ಸತ್ಯ ಗೊತ್ತಾಯಿತು. ನಿಮಗೆಲ್ಲ ಗಟ್ಟಿ ಪಾಸ್‌ವರ್ಡ್ ಇಟ್ಟುಕೊಳ್ಳಿ ಎಂದು ಬೋಧನೆ ಮಾಡುವ ನಾನು ಎಲ್ಲದಕ್ಕೂ ಹೆಂಡತಿಯ ಹೆಸರು, ಮುಂದೆ ಒಂದು ನಂಬರು, ಅಷ್ಟೇ ಇಟ್ಟುಕೊಂಡಿದ್ದೆ. (ಈಗ ಬದಲಾಯಿಸಿದ್ದೇನೆ. ಪ್ರಯತ್ನಪಡಬೇಡಿ.)

ಆಮೇಲೆ ಕೇಬಲ್ ಡ್ರಾಯರ್. ಅದೊಂದು ಎಲ್ಲರ ಮನೆಯಲ್ಲೂ ಇರುತ್ತದೆ. ಯಾವ ಕಾಲದ ಯಾವ ಫೋನಿನದೋ ಗೊತ್ತಿಲ್ಲದ, ಆದರೆ ಎಸೆದ ಮರುದಿನವೇ ಬೇಕಾಗುವ ವೈರುಗಳ ಗಂಟು. ಇಪ್ಪತ್ತು ವರ್ಷದಿಂದ ನನ್ನ ಹೆಂಡತಿ ಸುನಂದ ಅದನ್ನು ಎಸೆಯಿರಿ ಎನ್ನುತ್ತಿದ್ದಾಳೆ. ಶನಿವಾರ ಮಧ್ಯಾಹ್ನ ನಾನೇ ಗೋಣಿಚೀಲಕ್ಕೆ ತುಂಬಿ ಬಾಗಿಲ ಹೊರಗಿಟ್ಟೆ.

ಸುನಂದ ಹೈಸ್ಕೂಲಿನಲ್ಲಿ ಗಣಿತದ ಮೇಡಂ. ಲೆಕ್ಕ ತಪ್ಪಿದರೆ ಅವಳಿಗೆ ವಾಸನೆ ಬರುತ್ತದೆ. ಗೋಣಿಚೀಲ ನೋಡಿದಳು. ನನ್ನನ್ನು ನೋಡಿದಳು.

"ಏನ್ ಒಡೆದ್ ಹಾಕಿದೀರ?"

"ಏನಿಲ್ಲ."

"ಮತ್ತೆ ಹೊಸ ಫೋನ್ ತಗೊಳ್ಳೋ ಪ್ಲಾನಾ?"

"ಇಲ್ಲ ಕಣೇ. ಮನೆ ಕ್ಲೀನಾಗಿರ್ಲಿ ಅಂತ."

ಅವಳು ಹಣೆ ಮುಟ್ಟಿ ಜ್ವರ ಇದೆಯಾ ನೋಡಿದಳು. ಇರಲಿಲ್ಲ. ಉಪ್ಪಿಟ್ಟು ಮಾಡಿಕೊಟ್ಟಳು. ಅರ್ಧ ತಿಂದು ತಟ್ಟೆಯಲ್ಲೇ ಕಲಸುತ್ತಾ ಕೂತೆ. ಚೆನ್ನಾಗಿದೆ, ಚೆನ್ನಾಗಿದೆ ಎಂದು ಎರಡು ಸಲ ಹೇಳಿದೆ. ಮದುವೆಯಾದ ಇಪ್ಪತ್ತಾರು ವರ್ಷದಲ್ಲಿ ನಾನು ಉಪ್ಪಿಟ್ಟನ್ನು ಹೊಗಳಿದ್ದು ಅದೇ ಮೊದಲು. ಅವಳ ಅನುಮಾನ ಗಟ್ಟಿಯಾಗಿದ್ದು ಅಲ್ಲೇ ಅಂತ ಕಾಣುತ್ತದೆ.

ಇನ್ನು ಉಳಿದದ್ದು ವಾಚುಗಳು. ಕಾಲೇಜು ದಿನಗಳಿಂದ ಕೂಡಿಟ್ಟ ಏಳು ಹಳೇ ಡಿಜಿಟಲ್ ವಾಚುಗಳು. ಒಂದರಲ್ಲಿ ಪುಟ್ಟ ಕ್ಯಾಲ್ಕುಲೇಟರ್ ಇದೆ. ಇನ್ನೊಂದು, ಗಂಟೆಗೊಮ್ಮೆ ಕೀಚಲು ದನಿಯಲ್ಲಿ ಕೂಗುತ್ತದೆ. ನಾನು ಹೋದ ಮೇಲೆ ಇವುಗಳ ಬೆಲೆ ಗೊತ್ತಿರುವವರು ತುಮಕೂರಿನಲ್ಲಿ ಒಬ್ಬರೇ. ಭಾನುವಾರ ಬೆಳಿಗ್ಗೆ ಡಬ್ಬಿ ತೆಗೆದುಕೊಂಡು ಶಿರಾ ಗೇಟಿಗೆ ಹೋದೆ.

ನಾಸಿರ್ ಭಾಯ್ ಅಂಗಡಿ ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲದಷ್ಟು ಚಿಕ್ಕದು. ಅವರ ಅಪ್ಪ ಕೂರುತ್ತಿದ್ದ ಸ್ಟೂಲಿನ ಮೇಲೆ ಈಗ ಅವರು ಕೂರುತ್ತಾರೆ. ಡಬ್ಬಿಯನ್ನು ಗಾಜಿನ ಕೌಂಟರಿನ ಮೇಲಿಟ್ಟೆ.

"ಏನ್ ಸಾರ್, ಎಲ್ಲಾದಕ್ಕೂ ಸೆಲ್ ಹಾಕ್ಬೇಕಾ?"

"ಇಲ್ಲ ಭಾಯ್. ನೀವೇ ಇಟ್ಕೊಳ್ಳಿ."

"ಇಟ್ಕೊಳ್ಳೋದಾ?" ಅವರು ಕೈಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟರು. "ಹೋದ್ ವರ್ಷ ಈ ಕ್ಯಾಲ್ಕುಲೇಟರ್ ವಾಚ್ ಮುಟ್ಟೋಕ್ ಮುಂಚೆ ಕೈ ತೊಳ್ಕೊಳಿ ಅಂದೋರು ನೀವು. ಈಗ ಇಟ್ಕೊಳ್ಳಿ ಅಂತೀರಾ? ಏನಾಯ್ತು ಹೇಳಿ ಸಾರ್."

ನಾನು ಡಬ್ಬಿಯ ಮುಚ್ಚಳ ತೆಗೆದು ಮತ್ತೆ ಮುಚ್ಚಿದೆ. ಅವರು ಎದುರಿನ ಹೋಟೆಲಿಗೆ ಎರಡು ಟೀ ಎಂದು ಕೈ ಸನ್ನೆ ಮಾಡಿ, ಒಳಗಿದ್ದ ಇನ್ನೊಂದು ಸ್ಟೂಲ್ ಎಳೆದು ಕೂರಿಸಿದರು. ಎಲ್ಲ ಹೇಳಿದೆ. ಎರಡು ದಿನದಲ್ಲಿ ಮನುಷ್ಯರೊಬ್ಬರ ಹತ್ತಿರ ಈ ವಿಷಯ ಬಾಯಿ ಬಿಟ್ಟಿದ್ದು ಅದೇ ಮೊದಲು.

"ರಿಪೋರ್ಟ್ ಎಲ್ಲೈತೆ?"

"ಸ್ಕೂಟರ್ ಡಿಕ್ಕೀಲಿ."

"ತಗೊಂಡ್ ಬನ್ನಿ."

ತಂದೆ. ಅವರು ಕಾಗದವನ್ನು ಕೌಂಟರಿನ ಮೇಲೆ ಹಾಸಿ, ಮಡಿಕೆಗಳನ್ನು ಅಂಗೈಯಿಂದ ಒತ್ತಿ ನೇರ ಮಾಡಿದರು. ವಾಚಿನ ಒಳಗನ್ನು ನೋಡಲು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ಇರುತ್ತದಲ್ಲ, ಅದನ್ನು ಬಲಗಣ್ಣಿಗೆ ಸಿಕ್ಕಿಸಿಕೊಂಡು ಎಡಗಣ್ಣು ಮುಚ್ಚಿ ಬಗ್ಗಿದರು.

"ಎಷ್ಟು ಅಂದ್ರಿ?"

"ಹನ್ನೊಂದು."

"ಯಾರಂದ್ರು?"

"ಎಐ."

"ಅದ್ಯಾವ ಡಾಕ್ಟ್ರು ಸಾರ್?"

"ಡಾಕ್ಟ್ರಲ್ಲ ಭಾಯ್. ಫೋನಲ್ಲಿರೋದು."

ಅವರು ಕಾಗದವನ್ನು ಬೆಳಕಿನ ಕಡೆ ಎಳೆದುಕೊಂಡರು. ಆಮೇಲೆ ತಲೆ ಎತ್ತದೆಯೇ ಹೇಳಿದರು. "ಇಲ್ಲಿ ಮಡಿಕೆ ಮೇಲೇ ಒಂದ್ ಚುಕ್ಕಿ ಐತಲ್ಲ ಸಾರ್. ಒಂದಕ್ಕೂ ಒಂದಕ್ಕೂ ಮಧ್ಯ."

"ಧೂಳಿರ್ಬೇಕು ಬಿಡಿ."

"ಧೂಳಾ? ಧೂಳ್ ನೋಡ್ಕೊಂಡೇ ನಂಗೆ ಮೂವತ್ ವರ್ಷ ಆಯ್ತು. ಇದು ಇಂಕು." ಕಾಗದವನ್ನು ನನ್ನ ಕಡೆ ತಿರುಗಿಸಿದರು. "ಅಲ್ಲದೇ, ಜಾಸ್ತಿ ಇದ್ರೆ ಪಕ್ಕದಲ್ಲಿ ದಪ್ಪಕ್ಕೆ ಎಚ್ ಅಂತ ಹಾಕಿರ್ತಾರೆ. ನಮ್ಮಮ್ಮಂದು ಶುಗರ್ ರಿಪೋರ್ಟ್ ತಿಂಗ್ಳ ತಿಂಗ್ಳ ನೋಡ್ತೀನಿ. ಇದ್ರಲ್ಲಿ ಎಲ್ಲೈತೆ ಎಚ್ಚು? ಲ್ಯಾಬಿಗ್ ಫೋನ್ ಹಾಕಿ ಮೊದ್ಲು."

ನಂಬರು ಕಾಗದದ ಮೇಲೇ ಇತ್ತು. ಎರಡು ದಿನದಿಂದ ಅಲ್ಲೇ ಇತ್ತು. ಅವಸರದಲ್ಲಿ ಎರಡು ಸಲ ತಪ್ಪು ಒತ್ತಿದೆ. ಮೂರನೇ ಸಲ ಹುಡುಗಿಯೊಬ್ಬಳು ಎತ್ತಿದಳು. ಹೆಸರು ಹೇಳಿದೆ. ಕೀಬೋರ್ಡ್ ಬಡಿಯುವ ಸದ್ದು ಕೇಳಿಸಿತು.

"ಒನ್ ಪಾಯಿಂಟ್ ಒನ್ ಸಾರ್. ನಾರ್ಮಲ್."

"ಪಾಯಿಂಟ್ ಇದೆಯಾ ಮಧ್ಯ?"

"ಇದೆ ಸಾರ್."

"ಇನ್ನೊಂದ್ ಸಲ ನೋಡಮ್ಮಾ."

"ಒನ್. ಪಾಯಿಂಟ್. ಒನ್. ಸಾರ್, ನಿಮ್ಗಿಂತ ಚೆನ್ನಾಗಿರೋ ರಿಪೋರ್ಟ್ ಆ ಕ್ಯಾಂಪಲ್ಲಿ ಯಾರ್ದೂ ಬಂದಿಲ್ಲ."

ಫೋನ್ ಇಟ್ಟೆ. ನಾಸಿರ್ ಭಾಯ್ ಭೂತಗನ್ನಡಿ ತೆಗೆದು ಬಟ್ಟೆಯಲ್ಲಿ ಒರೆಸುತ್ತಾ ನಗುತ್ತಿದ್ದರು. ನಾನು ಅವರ ಕೈ ಹಿಡಿದುಕೊಂಡೆ. ಎಷ್ಟು ಹೊತ್ತು ಹಿಡಿದುಕೊಂಡಿದ್ದೆನೋ, ಅವರೇ ಮೆಲ್ಲಗೆ ಬಿಡಿಸಿಕೊಂಡು ಟೀ ಲೋಟ ಕೊಟ್ಟರು. ಅಷ್ಟು ಸಿಹಿ ಟೀ ನಾನು ಕುಡಿಯುವುದಿಲ್ಲ. ಅವತ್ತು ಎರಡು ಲೋಟ ಕುಡಿದೆ. ವಾಚಿನ ಡಬ್ಬಿಯನ್ನು ಅವರು ನನ್ನ ಕಡೆಗೇ ತಳ್ಳಿದರು.

"ತಗೊಂಡ್ ಹೋಗಿ ಸಾರ್. ನಿಂತೋಗಿರೋ ವಾಚು ನನ್ ಅಂಗಡೀಲಿ ಬೇಕಾದಷ್ಟವೆ."

ಹೊರಗೆ ಬಂದೆ. ಸ್ಕೂಟರ್ ತಿರುಗಿಸುವಾಗ ಬಸ್ಸೊಂದು ಮೈಮೇಲೆ ಬಂದಂತೆ ಬಂದು ನಿಂತಿತು. ಡ್ರೈವರ್ ಕಿಟಕಿಯಿಂದ ತಲೆ ಹಾಕಿ "ಏನ್ಲೇ, ಸಾಯ್ಬೇಕು ಅಂತಾನಾ?" ಎಂದು ಕೂಗಿದ. "ಇಲ್ಲಪ್ಪಾ!" ಎಂದೆ. ಇಷ್ಟು ಮನಃಪೂರ್ವಕವಾಗಿ ನಾನು ಈಚೆಗೆ ಯಾರಿಗೂ ಉತ್ತರ ಕೊಟ್ಟಿಲ್ಲ.

ದಾರಿಯಲ್ಲಿ ಪಕ್ಕಕ್ಕೆ ನಿಲ್ಲಿಸಿ ಚಾಟ್‌ಬಾಟಿಗೂ ಹೇಳಿದೆ. 'ಅದು ಹನ್ನೊಂದಲ್ಲ, ಒಂದು ಪಾಯಿಂಟ್ ಒಂದು.' ತಕ್ಷಣ ಉತ್ತರ ಬಂತು: 'ನೀವು ಹೇಳಿದ್ದು ಸರಿ. ಚಿತ್ರ ಸ್ಪಷ್ಟವಾಗಿರಲಿಲ್ಲ. ತಪ್ಪಿಗೆ ಕ್ಷಮಿಸಿ. ಇದು ಸಂತಸದ ಸುದ್ದಿ!' ಜೊತೆಗೆ ಒಂದು ನಗುಮುಖ. ಸಿಟ್ಟು ಬರಲಿಲ್ಲ, ಆಣೆ. ಮಸುಕು ಫೋಟೋ ಕೊಟ್ಟವನು ನಾನು. ಡಾಕ್ಟರನ್ನು ಕಾಣಿ ಎಂದು ಅದು ಮೊದಲೇ ಹೇಳಿತ್ತು. ಅಷ್ಟಾದರೂ ನಾವು ಅದನ್ನೇ ಯಾಕೆ ಕೇಳುತ್ತೇವೆ? ಕೇಳಿದ್ದನ್ನೇ ಹತ್ತು ಸಲ ಕೇಳಿದರೂ ಅದು ಬೈಯುವುದಿಲ್ಲ. ಮುಖ ಸಪ್ಪೆ ಮಾಡುವುದಿಲ್ಲ. ಅಳುವುದಿಲ್ಲ. ಅದರ ಮುಂದೆ ಹೆದರಿಕೊಳ್ಳಲು ನಾಚಿಕೆ ಆಗುವುದಿಲ್ಲ.

ಮನೆಗೆ ಬಂದರೆ ಸುನಂದ ಊಟದ ಟೇಬಲ್ಲಿನ ಮುಂದೆ ಕೂತಿದ್ದಳು. ಎದುರಿಗೆ ಪಾಸ್‌ವರ್ಡಿನ ನೋಟ್‌ಬುಕ್ಕು. ಬೀರುವಿನಲ್ಲಿ ಸೀರೆಗಳ ಕೆಳಗೆ ಬಚ್ಚಿಟ್ಟಿದ್ದೆ. (ಹೆಂಡತಿಗೆ ಕಾಣದ ಹಾಗೆ ಇಡಲು ಅವಳ ಸೀರೆಗಳ ಕೆಳಗಿಟ್ಟವನ ಬುದ್ಧಿಗೆ ಏನನ್ನಬೇಕು?) ಅವಳ ಕಣ್ಣು ಕೆಂಪಾಗಿತ್ತು.

"ಏನ್ರೀ ಇದು? 'ನಾನಿಲ್ಲದಾಗ' ಅಂತ ಹೆಡ್ಡಿಂಗ್ ಬೇರೆ ಹಾಕಿದೀರ?"

ನಾನು ನಗುತ್ತಾ ಎಲ್ಲ ಹೇಳಿದೆ. ರೈಲು, ಫೋಟೋ, ಹನ್ನೊಂದು, ನಾಸಿರ್ ಭಾಯ್. ಕಾಗದ ಕೊಟ್ಟೆ. ಅವಳಿಗೆ ಭೂತಗನ್ನಡಿ ಬೇಕಾಗಲಿಲ್ಲ. ಒಂದೇ ನೋಟಕ್ಕೆ ಚುಕ್ಕಿ ಕಂಡಿತು.

"ಚುಕ್ಕಿ ಬಿಟ್ಟ ಮಕ್ಕಳಿಗೆ ಅರ್ಧ ಮಾರ್ಕ್ಸ್ ಕಟ್ ಮಾಡ್ತೀನಿ" ಎಂದಳು. "ನಿಮ್ಗೆ ಎಷ್ಟ್ ಕಟ್ ಮಾಡ್ಲಿ?"

ಇಬ್ಬರೂ ನಕ್ಕೆವು. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಇನ್ನೇನು ಅನ್ನ ಬಡಿಸುತ್ತಾಳೆ ಎಂದುಕೊಂಡೆ. ಅವಳು ನನ್ನ ಫೋನ್ ಎತ್ತಿಕೊಂಡಳು. ನೋಟ್‌ಬುಕ್ ನೋಡಿ ಪಾಸ್‌ವರ್ಡ್ ಹಾಕಿದಳು. ಚಾಟ್‌ಬಾಟಿನ ಜೊತೆ ನಾನು ನಡೆಸಿದ ಮಾತುಕತೆಯನ್ನು ಮೇಲಿನಿಂದ ಕೆಳಗಿನವರೆಗೆ, ಪರೀಕ್ಷೆ ಪೇಪರ್ ತಿದ್ದುವ ಹಾಗೆ, ಒಂದು ಸಾಲೂ ಬಿಡದೆ ಓದಿದಳು. ನಾನು ತಟ್ಟೆ ಹಿಡಿದುಕೊಂಡು ನಿಂತಿದ್ದೆ. ಶನಿವಾರ ರಾತ್ರಿ ಕೇಳಿದ್ದ ಕೊನೆಯ ಪ್ರಶ್ನೆ ಹತ್ತಿರ ಅವಳ ಬೆರಳು ನಿಂತಿತು. ನಿಧಾನವಾಗಿ ತಲೆ ಎತ್ತಿ ಕೇಳಿದಳು:

"'ಹೆಂಡತಿಗೆ ಹೇಗೆ ಹೇಳುವುದು' ಅಂತ ಇದನ್ನ ಕೇಳಿದೀರಲ್ಲ, ನಾನು ಪಕ್ಕದ ರೂಮಲ್ಲೇ ಇದ್ನಲ್ರೀ?"